ಮಿಡತೆ ಕಾರಿನ ಗಾಜಮ್ಮ

ಪಿಳ್ಳಣ್ಣ ಹದಿನಾರು ವರ್ಷದಿಂದ ಒಂದು ಸುಳ್ಳನ್ನು ಸಾಕಿಕೊಂಡು ಬಂದಿದ್ದ. ಸುಳ್ಳು ದೊಡ್ಡದೇನಲ್ಲ, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು. ಅದು ಇದ್ದದ್ದು ಹೆಬ್ಬಾಳದ ರಾಮಕೃಷ್ಣಪ್ಪನ ರೇಸು ಕಾರಿನ ಮುಂದಿನ ಗಾಜಿನ ಎಡ ಮೂಲೆಯಲ್ಲಿ, ಬೆರಳು ದಪ್ಪದ ಕುಂಕುಮದ ಕೆಳಗೆ. ಹೆಂಡತಿ ಸೊಣ್ಣಮ್ಮನಿಗೂ ಅವನು ಅದನ್ನು ಹೇಳಿರಲಿಲ್ಲ. ಸೊಣ್ಣಮ್ಮನಿಗೆ ಹೇಳುವುದೂ ಒಂದೇ, ಯಲಹಂಕದ ಸಂತೆಯಲ್ಲಿ ಡಂಗುರ ಹೊಡೆಸುವುದೂ ಒಂದೇ.

ಮೊದಲು ಕಾರಿನ ವಿಷಯ ಹೇಳಿಬಿಡಬೇಕು. ಅದು ಯಲಹಂಕದ ವಿಮಾನದಳದಲ್ಲಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿಯದು. ನಲವತ್ತೇಳರಲ್ಲಿ ಅವನು ಗಂಟುಮೂಟೆ ಕಟ್ಟಿದಾಗ ದ್ರಾಕ್ಷಿ ತೋಟದ ರಾಮಕೃಷ್ಣಪ್ಪ ಅದನ್ನು ಕೊಂಡುಕೊಂಡ. ಇಪ್ಪತ್ತೈದರ ಬಿಸಿರಕ್ತ, ಹೇಳಿದರೆ ಕೇಳುವ ವಯಸ್ಸಲ್ಲ. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಉದ್ದ ಮೂತಿ, ಎಲೆಹಸಿರು ಬಣ್ಣ. ಊರಿನವರು ಮಿಡತೆ ಎಂದು ಹೆಸರಿಟ್ಟರು, ಅದೇ ನಿಂತಿತು. ಜಕ್ಕೂರಿನಿಂದ ಹತ್ತು ವರ್ಷದವನಿದ್ದಾಗಲೇ ಆ ಮನೆಗೆ ಬಂದು, ದನ ಕಾದು, ಗಾಡಿ ಹೊಡೆದು ದೊಡ್ಡವನಾಗಿದ್ದ ಪಿಳ್ಳಣ್ಣನನ್ನು ಅದಕ್ಕೆ ಡ್ರೈವರ್ ಮಾಡಿದರು.

ಆ ಗಾಜಿನ ಎಡ ಮೂಲೆಯಲ್ಲಿ ಒಂದು ಲೇಬಲ್ಲಿತ್ತು. ಲಂಡನ್ನಿನಲ್ಲಿ ಕಾರು ಮಾರಿದ ಅಂಗಡಿಯವರು ತಮ್ಮದೆಂದು ಗುರುತಿಗೆ ಅಂಟಿಸಿದ್ದು. ದುಂಡಗೆ, ಕೆಂಪು ಅಂಚು, ನಡುವೆ ಚಕ್ರ ಹಿಡಿದುಕೊಂಡು ನಿಂತ ಒಬ್ಬ ಹೆಂಗಸು, ಸುತ್ತ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರ. ನಮ್ಮ ಪಾತ್ರೆ ಅಂಗಡಿಯವರು ಕೊಡದ ಮೇಲೆ ಚೀಟಿ ಅಂಟಿಸುವುದಿಲ್ಲವೇ, ಅಷ್ಟೇ ಕಥೆ. ಆದರೆ ಕಾರು ಮನೆ ಬಾಗಿಲಿಗೆ ಬಂದ ದಿನ ಆರತಿ ತಟ್ಟೆ ಹಿಡಿದು ಬಂದವಳು ರಾಮಕೃಷ್ಣಪ್ಪನ ತಾಯಿ ದೊಡ್ಡಮುನಿಯಮ್ಮ. ಆಕೆ ಲೇಬಲ್ಲಿನ ಮುಂದೆ ನಿಂತುಬಿಟ್ಟಳು.

"ಇದ್ಯಾರೋ ಈಯಮ್ಮ?"

"ಅದು ಕಾರ್ ಜತೆಗೇ ಬಂದಿರೋದಮ್ಮ, ಬೇಗ ಆರತಿ ಎತ್ತು," ಎಂದ ಮಗ. ಅವನಿಗೆ ಓಡಿಸುವ ಆತುರ.

"ಅಂಗಾದ್ರೆ ಕಾರಿನ ದ್ಯಾವ್ರು," ಎಂದಳು ದೊಡ್ಡಮುನಿಯಮ್ಮ. ಆಕೆ ಕಂಡಿದ್ದ ಎಲ್ಲ ಬಸ್ಸಿನಲ್ಲೂ ಲಾರಿಯಲ್ಲೂ ಡ್ರೈವರನ ಮುಂದೆ ಒಂದು ದೇವರ ಪಟ ಇದ್ದೇ ಇತ್ತು. "ಬಿಳೀ ಜನ ಆದ್ರೇನಪ್ಪ, ಅವ್ರಿಗೂ ಪ್ರಾಣದ ಮೇಲೆ ಆಸೆ ಇರಲ್ವಾ? ಅವ್ರ ದ್ಯಾವ್ರನ್ನ ಅವ್ರು ಅಂಟುಸ್ಕೊಂಡವ್ರೆ. ಓಗೋವಾಗ ಕರ್ಕೊಂಡೋಗ್ಲಿಲ್ಲ, ಪಾಪ. ಮನೆಗೆ ಬಂದ ಎಣ್ಣುಮಗಳನ್ನ ಅಂಗೇ ನಿಲ್ಸಕ್ಕಾಗ್ತದಾ?" ಎಂದು ಲಂಡನ್ನಿನ ಹೆಂಗಸಿನ ಹಣೆಗೆ ಕುಂಕುಮ ಇಟ್ಟಳು. ಪ್ಲೇಗು ಬಂದಾಗ ಪ್ಲೇಗಮ್ಮನನ್ನು ಮಾಡಿಕೊಂಡ ಸೀಮೆ ನಮ್ಮದು. ಗಾಜಿನ ಮೇಲಿದ್ದವಳು ಗಾಜಮ್ಮ ಆದದ್ದಕ್ಕೆ ಯಾರೂ ಹುಬ್ಬೇರಿಸಲಿಲ್ಲ.

ಅದೇ ವರ್ಷ ಆಯುಧಪೂಜೆ ಬಂತು. ಹಿಂದಿನ ದಿನ ಪಿಳ್ಳಣ್ಣ ಕಾರು ತೊಳೆಯಲು ಕೂತ. ಆ ಮನೆಯಲ್ಲಿ ಹಿತ್ತಾಳೆ ಹಂಡೆ, ನೇಗಿಲ ಗುಳ, ಗಾಡಿಯ ಕಡಾಣಿ ಎಲ್ಲವನ್ನೂ ಅವನು ಉಜ್ಜುತ್ತಿದ್ದದ್ದು ಹುಣಿಸೆಹಣ್ಣು, ಬೂದಿ, ತೆಂಗಿನ ನಾರಿನಿಂದ. ಕಾರಿಗೂ ಅದೇ ಮರ್ಯಾದೆ ಮಾಡಿದ. ದೇವರಿರುವ ಜಾಗ ಎಂದು ಅಲ್ಲಿ ಎರಡು ಸಲ ಹೆಚ್ಚಾಗಿಯೇ ಉಜ್ಜಿದ. ನೀರು ಹುಯ್ದು ನೋಡಿದರೆ ಗಾಜು ಫಳಫಳ, ಗಾಜಮ್ಮ ಇಲ್ಲ. ಆಯಮ್ಮ ಚೂರುಚೂರಾಗಿ ನಾರಿನಲ್ಲಿ ಸಿಕ್ಕಿಕೊಂಡಿದ್ದಳು.

ಭಿನ್ನವಾದ ದೇವರನ್ನು ಎಸೆಯುವ ಹಾಗಿಲ್ಲ, ಅದು ಅವನಿಗೆ ಗೊತ್ತು. ಚೂರುಗಳನ್ನೆಲ್ಲ ಹೆಕ್ಕಿ ವೀಳ್ಯದೆಲೆಯಲ್ಲಿ ಸುತ್ತಿ, ಹೆಬ್ಬಾಳದ ಕೆರೆಗೆ ಹೋಗಿ, ಒಂದು ಬಿಲ್ಲೆ ಕರ್ಪೂರ ಹಚ್ಚಿ, ತಪ್ಪಾಯ್ತು ತಾಯಿ ಎಂದು ನೀರಿಗೆ ಬಿಟ್ಟ. ವಾಪಸು ಬಂದವನು ಕುಂಕುಮಕ್ಕೆ ಹರಳೆಣ್ಣೆ ಕಲಸಿ, ಖಾಲಿ ಗಾಜಿನ ಮೇಲೆ ಲೇಬಲ್ಲಿನಷ್ಟೇ ಅಗಲಕ್ಕೆ ದಪ್ಪಗೆ ಮೆತ್ತಿದ. ನಾಳೆ ನಾಡಿದ್ದರಲ್ಲಿ ಹೇಳಿಬಿಟ್ಟರಾಯಿತು ಎಂದುಕೊಂಡ.

"ಅಮ್ಮನ ಮುಖಾನೇ ಕಾಣಲ್ವಲ್ಲೋ ಪಿಳ್ಳ," ಎಂದಳು ಬೆಳಿಗ್ಗೆ ದೊಡ್ಡಮುನಿಯಮ್ಮ.

"ಬಿಸ್ಲು ಬೀಳ್ಬಾರ್ದು ಅಂತ ಮುಚ್ಚಿವ್ನಿ ದೊಡ್ಡಮ್ಮ. ಬಣ್ಣ ಓಗ್ಬಿಡ್ತದೆ."

"ಒಳ್ಳೇ ಕೆಲ್ಸ ಮಾಡ್ದೆ. ಇನ್ಮೇಲೆ ಆಯಮ್ಮನ ಪೂಜೆ ನೀನೇ ನೋಡ್ಕೊ. ಬೇರೆ ಯಾರೂ ಮುಟ್ಕೂಡ್ದು."

ಹೀಗೆ ಪಿಳ್ಳಣ್ಣ ಪೂಜಾರಿಯಾದ. ಮನುಷ್ಯ ನಾಳೆ ಹೇಳುತ್ತೇನೆ ಎಂದುಕೊಂಡ ಮಾತು ಇದೆಯಲ್ಲ, ಅದರ ಹಣೆಬರಹವೇ ಇಷ್ಟು. ಶುಕ್ರವಾರ ಬಂತು, ಪಕ್ಕದ ಮನೆಯವಳು ಹಸು ಕರು ಹಾಕಲಿ ಎಂದು ಹರಕೆ ಕಟ್ಟಿದಳು, ಹಾಕಿತು. ಇನ್ನೊಬ್ಬಳ ಮಗ ಲೋಯರ್ ಸೆಕೆಂಡರಿ ಪಾಸಾದ. ದ್ರಾಕ್ಷಿಗೆ ಬಂದಿದ್ದ ಬೂದಿರೋಗ ತಾನಾಗಿ ಇಳಿಯಿತು. ಮೂರು ವರ್ಷದಲ್ಲಿ ಕೋಗಿಲು, ತಣಿಸಂದ್ರ ಮುಂತಾದ ಸುತ್ತಲಿನ ಹಳ್ಳಿಗಳಿಂದಲೂ ಹೆಂಗಸರು ಬಂದು ಕಾರಿನ ಶೆಡ್ಡಿನ ಮುಂದೆ ಕೂರತೊಡಗಿದರು. ಪಿಳ್ಳಣ್ಣ ಪ್ರತಿ ಶುಕ್ರವಾರ ಹಳೆಯ ಕುಂಕುಮದ ಮೇಲೆ ಹೊಸ ಕುಂಕುಮ ಮೆತ್ತಿದ, ಒಡೆದ ಕಾಯಿಯ ಅರ್ಧ ಹೋಳು ಮನೆಗೆ ಒಯ್ದ. ಸೊಣ್ಣಮ್ಮ ಚಟ್ನಿಗೆಂದು ಕಾಯಿ ಕೊಂಡದ್ದು ಆಮೇಲೆ ಇಲ್ಲವೇ ಇಲ್ಲ.

ಇದರಲ್ಲಿ ನಿಜವಾಗಿ ನಲುಗಿದವನು ರಾಮಕೃಷ್ಣಪ್ಪ. ಆ ಕಾರಿನ ಮುಂದಿನ ಗಾಜನ್ನು ಎರಡು ಕಡೆಯ ತಿರುಪು ಸಡಿಲಿಸಿ ಮುಂದಕ್ಕೆ ಮಡಚಿ ಮಲಗಿಸಬಹುದು. ಗಾಳಿಗೆ ಅಡ್ಡ ಇರುವುದಿಲ್ಲ, ಕಾರು ಹಾರುತ್ತದೆ. ಒಂದೇ ಒಂದು ಸಲ ಮಡಚಿದ. "ದ್ಯಾವ್ರನ್ನ ಮಕಾಡೆ ಮಲಗುಸ್ತೀಯೇನೋ?" ಎಂದು ತಾಯಿ ಎರಡು ದಿನ ಊಟ ಬಿಟ್ಟಳು. ಅಂದಿನಿಂದ ಅವನು ಎಲ್ಲಿಗೆ ರೇಸಿಗೆ ಹೋದರೂ ಗಾಜು ನೆಟ್ಟಗೆ ನಿಂತಿರುತ್ತಿತ್ತು, ಅವನು ಕೊನೆಗೆ ಬರುತ್ತಿದ್ದ. ಎಡಗಡೆ ಸೀಟಿನಲ್ಲಿ ಕೂರುವವರು ಚಪ್ಪಲಿ ಬಿಟ್ಟು ಕೂರಬೇಕು ಎಂಬುದು ಇನ್ನೊಂದು ಕಟ್ಟಳೆ.

ಇದರ ನಡುವೆ ಐವತ್ತೈದರಲ್ಲಿ ಒಂದು ಸಂಗತಿ ನಡೆಯಿತು. ಪಿಳ್ಳಣ್ಣನ ಒಬ್ಬಳೇ ಮಗಳು ಮುನಿಕೆಂಪಮ್ಮನಿಗೆ ವಿಷಮಶೀತ ಜ್ವರ ಬಂತು. ಕೆಂಪಿಗೆ ಆಗ ಆರು ವರ್ಷ. ಹದಿನೆಂಟು ದಿನ ಜ್ವರ ಇಳಿಯಲಿಲ್ಲ, ಡಾಕ್ಟರು ಇನ್ನೇನು ದೇವರಿದ್ದಾನೆ ಎಂದರು. ಹತ್ತೊಂಬತ್ತನೆಯ ದಿನ ಬೆಳಗಾಗುತ್ತಲೇ ಪಿಳ್ಳಣ್ಣ ಶೆಡ್ಡಿಗೆ ಹೋಗಿ, ಕಾರಿನ ಮುಂದೆ ಮಂಡಿಯೂರಿ, ಕೈ ಮುಗಿದು, ಬಾಯಿಗೆ ಬಂದದ್ದನ್ನೆಲ್ಲ ಬೇಡಿಕೊಂಡು ಅತ್ತ. ಹಾಲಿನ ಚೊಂಬು ಹಿಡಿದು ಆ ಕಡೆ ಬಂದ ದೊಡ್ಡಮುನಿಯಮ್ಮ ಅದನ್ನು ನೋಡಿ, ಹಾಗೇ ಹಿಂದಕ್ಕೆ ಹೋದಳು. ಜ್ವರ ಇಳಿಯಿತು. ಪಿಳ್ಳಣ್ಣ ಆಮೇಲೆ ಎಷ್ಟೋ ದಿನ ತನ್ನ ಮೇಲೆ ತಾನೇ ಸಿಡುಕಿಕೊಂಡ. ತಾನೇ ಉಜ್ಜಿ ತೊಳೆದ ಗಾಜು, ತಾನೇ ಕಲಸಿದ ಹರಳೆಣ್ಣೆ. ಅದರ ಮುಂದೆ ಅತ್ತೆನಲ್ಲ ಎಂದು ನಾಚಿಕೆ.

ಅರವತ್ತನಾಲ್ಕನೆಯ ಇಸವಿ ಜನವರಿಯಲ್ಲಿ ಪಾಪದ ಕೊಡ ತುಂಬಿತು. ಹಳೆಯ ಕಾರುಗಳ ಸಂಘದವರು ಜಕ್ಕೂರಿನ ಏರೋಡ್ರೋಮಿನಲ್ಲಿ ವರ್ಷಕ್ಕೊಮ್ಮೆ ಒಂದು ಸ್ಪರ್ಧೆ ಮಾಡುತ್ತಿದ್ದರು. ಓಡಿಸುವುದಲ್ಲ, ನಿಲ್ಲಿಸಿ ತೋರಿಸುವುದು. ಯಾವ ಕಾರು ಹುಟ್ಟಿದಾಗ ಇದ್ದ ಹಾಗೇ ಇದೆಯೋ ಅದಕ್ಕೆ ಬಹುಮಾನದ ಕಪ್ಪು. ಹಿಂದಿನ ವರ್ಷ ಯಲಹಂಕದ ದ್ರಾಕ್ಷಿ ತೋಟದ ಆನಂದಪ್ಪ ಮೂರು ನಂಬರಿನ ಅಂತರದಲ್ಲಿ ರಾಮಕೃಷ್ಣಪ್ಪನನ್ನು ಹಿಂದೆ ಹಾಕಿ, ಕಪ್ಪನ್ನು ದ್ರಾಕ್ಷಿ ಗಾಡಿಯ ಮೇಲಿಟ್ಟು ಹೆಬ್ಬಾಳದ ಮುಂದೆಯೇ ಹಾಯಿಸಿಕೊಂಡು ಹೋಗಿದ್ದ. ಈ ಸಲ ಅಂಚೆಯಲ್ಲಿ ನಿಯಮದ ಕಾಗದ ಬಂತು. ಕಾರು ಮಾರಿದ ಮೂಲ ಡೀಲರನ ಲೇಬಲ್ಲು ಇದ್ದರೆ ಐದು ನಂಬರು.

"ಪಿಳ್ಳಣ್ಣ, ನಮ್ದರಲ್ಲಿ ಇದೆಯಲ್ಲೋ ಅದು," ರಾಮಕೃಷ್ಣಪ್ಪ ಕಾಗದ ಹಿಡಿದುಕೊಂಡು ಶೆಡ್ಡಿಗೇ ಬಂದ. "ಆನಂದಪ್ಪಂದು ಕಲ್ಲು ಬಿದ್ದು ಗ್ಲಾಸೇ ಬದಲಾಯ್ಸಿರೋದು, ಅವ್ನ ಹತ್ರ ಲೇಬಲ್ಲಿಲ್ಲ. ಬಿಸ್ಲು ಬೀಳದೆ ಹದಿನಾರು ವರ್ಷ ಕುಂಕುಮದಡಿ ಇಟ್ಟಿದ್ದೀಯ, ಹೊಸದರ ಹಾಗಿರುತ್ತೆ. ಭಾನುವಾರದ ಹೊತ್ತಿಗೆ ತೆಗೆದು ಕ್ಲೀನ್ ಮಾಡಿಬಿಡು."

ಪಿಳ್ಳಣ್ಣ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. "ದೊಡ್ಡಮ್ಮ ಒಪ್ಪಲ್ಲ ಯಜಮಾನ್ರೆ," ಎಂದ. ಅವನಿಗಿದ್ದ ಬೇಲಿ ಅದೊಂದೇ.

ಬೇಲಿ ತಾನೇ ಎದ್ದು ಬಂತು. "ಯಾಕೊಪ್ಪಲ್ಲ?" ಎಂದಳು ದೊಡ್ಡಮುನಿಯಮ್ಮ ಹಿಂದಿನಿಂದ. ಎಪ್ಪತ್ತು ದಾಟಿದ್ದ ಆಕೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಆಯಮ್ಮನ ಮುಖ ನೋಡಿ ಅದಿನಾರು ವರ್ಸ ಆಯ್ತು. ಇರೋ ಬೆಳಕೂ ಓಗೋದ್ರೊಳ್ಗೆ ಒಂದ್ಸಲ ಕಣ್ತುಂಬ ನೋಡ್ಬೇಕು ನಂಗೆ. ಕದ್ದು ಮುಚ್ಚಿ ಬ್ಯಾಡ. ಅಲ್ಲೇ, ಎಲ್ರ ಮುಂದೆ, ಪಿಳ್ಳನ ಕೈಯಲ್ಲೇ ತೆಗುಸಿ. ನಾನೂ ಬತ್ತೀನಿ."

ಪಿಳ್ಳಣ್ಣನಿಗೆ ಆಗ ಕಪ್ಪಿನ ಚಿಂತೆಯೂ ಇರಲಿಲ್ಲ, ಕೆಲಸದ ಚಿಂತೆಯೂ ಇರಲಿಲ್ಲ. ತಾಯಿ ಸತ್ತು ಜಕ್ಕೂರಿನ ಜಗಲಿಯಲ್ಲಿ ಕೂತಿದ್ದವನನ್ನು ಕರೆತಂದು, ಮಗನ ತಟ್ಟೆಯ ಪಕ್ಕದಲ್ಲೇ ತಟ್ಟೆ ಹಾಕಿ ಮುದ್ದೆ ಇಕ್ಕಿದವಳು ಆಕೆ. ಆ ಕಣ್ಣಿನ ಮುಂದೆ ಬೋಳು ಗಾಜು ತೋರಿಸುವುದು ಹೇಗೆ? ಅದೊಂದು ಬಿಟ್ಟು ಬೇರೆ ಏನು ಬೇಕಾದರೂ ಆಗಲಿ ಎನ್ನಿಸಿತು.

ಮಾರನೆಯ ದಿನವೇ ಸೈಕಲ್ ಹತ್ತಿ ಯಶವಂತಪುರಕ್ಕೆ ಹೋದ. ಅಲ್ಲಿ ಲಾರಿಗಳಿಗೆ ಬೋರ್ಡ್ ಬರೆಯುವ ಮುನಿಶಾಮಿ ಅವನ ಹಳೆಯ ಸ್ನೇಹಿತ. ವಿಷಯ ಹೇಳಲಿಲ್ಲ. ನಡುವೆ ಹೆಂಗಸಿರುವ ದುಂಡನೆಯ ಲೇಬಲ್ಲೊಂದನ್ನು ಹಾಳೆಯ ಮೇಲೆ ಬರೆದುಕೊಡು, ಗಾಜಿಗೆ ಅಂಟಿಸಬೇಕು ಎಂದಷ್ಟೇ ಹೇಳಿದ.

"ಹೆಂಗಿದ್ಲು ಹೇಳು ಗುರು, ಬರೀತೀನಿ," ಎಂದ ಮುನಿಶಾಮಿ, ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದುತ್ತ.

"ನಿಂತಿದ್ಲು. ಕೈಯಲ್ಲಿ ಚಕ್ರ."

"ಸೀರೆ ಏನ್ ಬಣ್ಣ?"

ಪಿಳ್ಳಣ್ಣ ಯೋಚಿಸಿದ. ಲಂಡನ್ನಿನವಳು ಉಟ್ಟದ್ದು ಸೀರೆಯೇ ಅಲ್ಲ ಎಂದು ಅವನಿಗೆ ಮಸುಕಾಗಿ ನೆನಪಿತ್ತು. ಆದರೆ ಹದಿನಾರು ವರ್ಷ ಪ್ರತಿ ಶುಕ್ರವಾರ ಕಣ್ಣು ಮುಚ್ಚಿ ಕಂಡವಳು ಸೀರೆ ಉಟ್ಟಿದ್ದಳು. "ಹಸಿರು," ಎಂದ. "ಕೆಂಪಂಚು."

"ಮೂಗುತಿ?"

"ಇತ್ತು. ಬಳೆಯೂ ಇತ್ತು. ಹಣೆ ಅಗಲ. ನೋಡೋದು ಸ್ವಲ್ಪ ಬಿಗಿ, ಆದ್ರೆ ಒಳ್ಳೆಯವಳು."

"ಬರೆಯೋದು ಮುಖಾನಾ, ಸ್ವಭಾವಾನಾ?" ಎಂದ ಮುನಿಶಾಮಿ. "ಸುತ್ತ ಇಂಗ್ಲಿಷಲ್ಲಿ ಏನಿತ್ತು?"

"ಅದು ನಂಗೆಲ್ಲಿ ಗೊತ್ತಾಗ್ತದೆ? ಲಂಡನ್ ಅಂತ ಒಂದಿತ್ತಂತೆ."

ಇಂಗ್ಲಿಷು ಮುನಿಶಾಮಿಗೂ ಬರುತ್ತಿರಲಿಲ್ಲ. ಲಾರಿಯ ಹಿಂದೆ ಬರೆಯುವ ಅಕ್ಷರ ಮಾತ್ರ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದ. ಲಂಡನ್ ಎನ್ನುವುದನ್ನು ಪಕ್ಕದ ಬಟ್ಟೆ ಅಂಗಡಿಯವನಿಂದ ಬರೆಸಿಕೊಂಡ. ಎರಡು ಗಂಟೆಯಲ್ಲಿ ಲೇಬಲ್ಲು ತಯಾರಾಯಿತು. ಹಸಿರು ಸೀರೆಯ ದೇವಿ, ಕಿವಿಯವರೆಗೆ ಕಣ್ಣು, ಕೈಯಲ್ಲಿ ಲಾರಿಯ ಸ್ಟೆಪ್ನಿಯಂಥ ಚಕ್ರ, ಸುತ್ತ ಹಳದಿ ಅಕ್ಷರದಲ್ಲಿ "ಹಾರನ್ ಪ್ಲೀಸ್ ಲಂಡನ್."

ಪಿಳ್ಳಣ್ಣ ಅದನ್ನು ಕೈಗೆ ತೆಗೆದುಕೊಂಡ. ತೆಗೆದುಕೊಂಡವನೇ ಅರಿವಿಲ್ಲದೆ ಕಣ್ಣಿಗೊತ್ತಿಕೊಂಡ. ಆಮೇಲೆ ಅದರ ಆ ದೊಡ್ಡ ಕಣ್ಣು ನೋಡಿ ಥಟ್ಟನೆ ದೂರ ಹಿಡಿದ. ಇಷ್ಟು ವರ್ಷದ ಸುಳ್ಳಿಗೆ ಮುಖ ಇರಲಿಲ್ಲ, ಸುಮ್ಮನಿತ್ತು. ಇದು ನೋಡುತ್ತಿದೆ. ಇದನ್ನು ಅಂಟಿಸಿದರೆ ದೊಡ್ಡಮ್ಮ ಇದಕ್ಕೇ ಕೈ ಮುಗಿಯುತ್ತಾಳೆ, ತಾನು ಸಾಯುವವರೆಗೂ ಶುಕ್ರವಾರ ಶುಕ್ರವಾರ ಇದರ ಕಣ್ಣು ತಪ್ಪಿಸಿಕೊಂಡು ಓಡಾಡಬೇಕು. ಮಡಿಸಿ ಜೇಬಿಗಿಟ್ಟುಕೊಂಡು ವಾಪಸು ಬಂದ.

ಶನಿವಾರ ಹೇಳಿಯೇಬಿಡುತ್ತೇನೆಂದು ಗಟ್ಟಿಮನಸ್ಸು ಮಾಡಿ ಹಜಾರಕ್ಕೆ ಹೋದ. ದೊಡ್ಡಮುನಿಯಮ್ಮ ಕಂಬಕ್ಕೊರಗಿ ಕೂತಿದ್ದಳು.

"ದೊಡ್ಡಮ್ಮ, ಒಂದ್ಮಾತು. ಗಾಜಮ್ಮನ್ ವಿಸ್ಯ."

"ನಾನೂ ಅದ್ಕೇ ನಿನ್ನ ಕರೀಬೇಕು ಅಂತಿದ್ದೆ, ಕೂತ್ಕೊ," ಎಂದು ಆಕೆ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಎರಡು ಪುಟ್ಟ ಬೆಳ್ಳಿಯ ಕಣ್ಣು. ಕಣ್ಣಿನ ಕಾಯಿಲೆಯವರು ಅಮ್ಮನಿಗೆ ಬೆಳ್ಳಿ ಕಣ್ಣು ಮಾಡಿಸಿ ಇಡುವುದು ನಮ್ಮ ಕಡೆ ಹಳೆಯ ಹರಕೆ. "ಮುಖ ಕಂಡೇಟ್ಗೆ ನಾನೇ ಇದನ್ನ ಇಡ್ಬೇಕು ಕಣೋ. ನಂಗೆ ಜಾಗ ಸರ್ಯಾಗಿ ಕಾಣಲ್ಲ, ನೀನೇ ಕೈ ಇಡ್ದು ತೋರ್ಸ್ಬೇಕು. ಏನೋ ಏಳಕ್ಕೆ ಬಂದ್ಯಲ್ಲ?"

"ನಾಳೆ ಬೇಗ ಒರಡ್ಬೇಕು, ಅಷ್ಟೇ," ಎಂದು ಪಿಳ್ಳಣ್ಣ ಎದ್ದು ಬಂದ. ಹಿತ್ತಲಿಗೆ ಹೋಗಿ ತನ್ನ ಕೆನ್ನೆಗೆ ತಾನೇ ಎರಡು ಬಾರಿಸಿಕೊಂಡ.

ಭಾನುವಾರ ಬೆಳಿಗ್ಗೆ ಮಿಡತೆ ಜಕ್ಕೂರಿಗೆ ಹೊರಟಿತು. ಇರುವುದೇ ಎರಡು ಸೀಟು. ಬಲಗಡೆ ಪಿಳ್ಳಣ್ಣ, ಎಡಗಡೆ ಮಡಿಲಲ್ಲಿ ಆರತಿ ತಟ್ಟೆ ಇಟ್ಟುಕೊಂಡ ದೊಡ್ಡಮುನಿಯಮ್ಮ. ಕಾರಿನ ಯಜಮಾನ ಸೂಟು ಹಾಕಿಕೊಂಡು ಪಿಳ್ಳಣ್ಣನ ಸೈಕಲ್ ತುಳಿದ. ಹಿಂದೆ ಎರಡು ಎತ್ತಿನ ಗಾಡಿ ತುಂಬ ಹೆಂಗಸರು, ಮೊದಲ ಗಾಡಿಯಲ್ಲಿ ಸೊಣ್ಣಮ್ಮ. ಏರೋಡ್ರೋಮಿನ ಬಯಲಿನಲ್ಲಿ ಇಪ್ಪತ್ತು ಕಾರು ಸಾಲಾಗಿ ನಿಂತಿದ್ದವು. ಆನಂದಪ್ಪ ತನ್ನ ಕಾರಿಗೆ ಒರಗಿ ಪೈಪು ಸೇದುತ್ತಿದ್ದ. ಹೆಬ್ಬಾಳದ ಗಾಡಿ ನೋಡಿ, "ಏನ್ ರಾಮಕೃಷ್ಣಪ್ಪ, ಪರಿಷೆ ಕರ್ಕೊಂಡ್ ಬಂದ್ಬಿಟ್ಟಿದ್ದೀಯ," ಎಂದು ನಕ್ಕ. ರಾಮಕೃಷ್ಣಪ್ಪ ಏದುಸಿರು ಬಿಡುತ್ತ ಸೈಕಲನ್ನು ಗಾಡಿಗೆ ಒರಗಿಸಿದ.

ತೀರ್ಪುಗಾರ ಬೊಂಬಾಯಿಯಿಂದ ಬಂದ ಒಬ್ಬ ಪಾರ್ಸಿ ಮುದುಕ. ಎತ್ತರದ ಆಳು, ಕೈಯಲ್ಲಿ ಭೂತಗನ್ನಡಿ, ಕಂಕುಳಲ್ಲಿ ನಂಬರ್ ಬರೆಯುವ ಹಲಗೆ. ಮಿಡತೆಯ ಎಂಜಿನ್ ನೋಡಿದ, ತಲೆಯಾಡಿಸಿದ. ಚಕ್ರದ ಕಡ್ಡಿ ಎಣಿಸಿದ, ತಲೆಯಾಡಿಸಿದ. ಗಾಜಿನ ಬಳಿ ಬಂದು ಕುಂಕುಮದ ಗುಡ್ಡೆಗೆ ಭೂತಗನ್ನಡಿ ಹಿಡಿದು ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದ. ಲೇಬಲ್ಲು ಅದರಡಿ ಇದೆ, ಈಗಲೇ ತೆಗೆಸುತ್ತೇನೆ ಎಂದ ರಾಮಕೃಷ್ಣಪ್ಪ. "ತೆಗಿಯೋ ಪಿಳ್ಳಣ್ಣ."

ಹೆಂಗಸರು ಸುತ್ತುಗಟ್ಟಿದರು. ದೊಡ್ಡಮುನಿಯಮ್ಮ ಕರ್ಪೂರ ಹಚ್ಚಿಸಿದಳು. ಪಿಳ್ಳಣ್ಣ ಹತ್ತಿಯನ್ನು ಹರಳೆಣ್ಣೆಯಲ್ಲಿ ಅದ್ದಿ ಒರೆಸತೊಡಗಿದ. ಮೇಲಿನದು ಮೊನ್ನೆಯದು, ಹಸಿ. ಅದರಡಿ ಗಟ್ಟಿಯಾದದ್ದು, ಉಗುರಿನಲ್ಲಿ ಕೆರೆಯಬೇಕು. ಎಷ್ಟು ಜನರ ಹಸು, ಎಷ್ಟು ಜನರ ಪರೀಕ್ಷೆ ಆ ಪದರಗಳಲ್ಲಿತ್ತೋ, ಒಂದೊಂದಾಗಿ ಅವನ ಬೆರಳಿಗೆ ಬಂತು. ಕೆಂಪಿಯ ಜ್ವರದ ವರ್ಷದ್ದೂ ಬಂದು ಹೋಯಿತು. ಇನ್ನೊಂದೇ ಪದರ, ತೆಳ್ಳಗೆ, ಕೆಂಪಗೆ ಉಳಿದಾಗ ಅವನ ಕೈ ನಿಂತಿತು. ಈಗ ಹೇಳದಿದ್ದರೆ ಗಾಜೇ ಹೇಳುತ್ತದೆ.

"ದೊಡ್ಡಮ್ಮ," ಎಂದ. "ಇದ್ರಡೀಲಿ ಏನೂ ಇಲ್ಲ."

"ಏನಂದೆ?"

"ಮೊದ್ಲ ಆಯುಧಪೂಜೇಲೇ ಓಯ್ತು. ಉಣಿಸೇಹಣ್ಣು ಆಕಿ ಉಜ್ಬಿಟ್ಟೆ, ಚೂರಾಯ್ತು. ಎದ್ರಿ ಕುಂಕುಮ ಮೆತ್ದೆ. ಅವತ್ನಿಂದ ಬರೀ ಗಾಜಿಗೇ ಪೂಜೆ ಮಾಡ್ಸಿವ್ನಿ ನಿಮ್ ಕೈಲಿ. ಮೊನ್ನೆ ಮುನಿಶಾಮಿ ಹತ್ರ ಇದನ್ನೂ ಬರುಸ್ದೆ, ಅಂಟ್ಸಕ್ಕೆ ಮನ್ಸು ಬರ್ಲಿಲ್ಲ." ಜೇಬಿನ ಚಿತ್ರವನ್ನೂ ತೆಗೆದು ಬಾನೆಟ್ಟಿನ ಮೇಲಿಟ್ಟ. ಅಷ್ಟು ಹೇಳಿದ ಮೇಲೆ ಅವನಿಗೆ ಅಳು ಬಂತು, ಅತ್ತ.

ಮೊದಲು ಬಾಯಿ ಬಂದದ್ದು ರಾಮಕೃಷ್ಣಪ್ಪನಿಗೆ. "ಅಲ್ಲ ಕಣೋ, ಹದಿನಾರು ವರ್ಷ ಗ್ಲಾಸ್ ಮಡಚದೆ ಒಂದೊಂದು ರೇಸಲ್ಲೂ ಲಾಸ್ಟ್ ಬಂದಿದ್ದೀನಲ್ಲೋ. ಬೋಳು ಗಾಜಿಗೋಸ್ಕರ? ನಾಳೆಯಿಂದ ನಮ್ ತೋಟದ ಕಡೆ ಕಾಲಿಡ್ಬೇಡ."

ಸೊಣ್ಣಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಕೆಯ ಜೀವಮಾನದಲ್ಲಿ ಮಾತು ಹೊರಡದಿದ್ದದ್ದು ಅದೊಂದೇ ಗಳಿಗೆ.

ದೊಡ್ಡಮುನಿಯಮ್ಮ ಮಗನ ಕಡೆ ತಿರುಗಲೂ ಇಲ್ಲ. ಬಾನೆಟ್ಟಿನ ಮೇಲಿದ್ದ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಇವ್ಳು ಲಾರಿಯವ್ಳು ಕಣೋ, ನಮ್ಮವಳಲ್ಲ," ಎಂದು ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು, "ಚೂರಾದ್ದನ್ನ ಏನ್ ಮಾಡ್ದೆ?"

"ಕೆರೆಗೆ ಬಿಟ್ಟೆ."

"ಕರ್ಪೂರ ಅಚ್ಚಿದ್ಯಾ?"

"ಅಚ್ಚಿದ್ದೆ."

"ಕೆಂಪಿಗೆ ಜ್ವರ ಬಂದಿದ್ದಾಗ ಒತ್ತಾರೆ ಶೆಡ್ನಾಗೆ ಮಂಡಿ ಊರ್ಕೊಂಡು ಅಳ್ತಿದ್ಯಲ್ಲ, ನಾನ್ ನೋಡ್ದೆ. ಅವತ್ತು ನಿಂಗೆ ಗೊತ್ತಿರ್ಲಿಲ್ವಾ, ಇದ್ರಡೀಲಿ ಏನೂ ಇಲ್ಲ ಅಂತ?"

"ಗೊತ್ತಿತ್ತು ದೊಡ್ಡಮ್ಮ."

"ಮತ್ತೆ ಯಾರ್ ಮುಂದೆ ಅಳ್ತಿದ್ದೆ?"

ಪಿಳ್ಳಣ್ಣ ಕೈಯಲ್ಲಿದ್ದ ಕೆಂಪು ಹತ್ತಿಯನ್ನೇ ನೋಡಿದ. ಗಾಡಿಯ ಎತ್ತುಗಳು ಗಂಟೆ ಅಲ್ಲಾಡಿಸಿದವು.

"ಲಂಡನ್ನವಳು ಅವಳ್ ಪಾಡ್ಗೆ ಅವಳು ಒಂಟೋದ್ಲು," ಎಂದಳು ದೊಡ್ಡಮುನಿಯಮ್ಮ. "ಜ್ವರ ಇಳ್ಸಿದ್ದು ಆಮೇಲೆ ಬಂದವ್ಳು. ಒರ್ಸೋ, ಕುಂಕುಮ ಉಳ್ಸಿದ್ದೀಯ ಇನ್ನೂ."

ಪಿಳ್ಳಣ್ಣ ಕೊನೆಯ ಪದರ ಒರೆಸಿದ. ಉಳಿದ ಗಾಜೆಲ್ಲ ಇಷ್ಟು ವರ್ಷ ರಸ್ತೆಯ ಧೂಳು ತಿಂದು ಮಬ್ಬಾಗಿತ್ತು, ಅದೊಂದು ದುಂಡು ಮಾತ್ರ ಅವತ್ತು ಉಜ್ಜಿ ತೊಳೆದ ಹಾಗೇ ನಿಚ್ಚಳವಾಗಿತ್ತು. ಅದರಾಚೆ ಜಕ್ಕೂರಿನ ಕೆರೆಯ ನೀರು ಹೊಳೆಯಿತು. ದೊಡ್ಡಮುನಿಯಮ್ಮ ಅವನ ಕೈ ಹಿಡಿದುಕೊಂಡು ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಪೊರೆ ಬಂದ ಕಣ್ಣಿಗೆ ಏನು ಕಂಡಿತೋ, "ಬೆಳ್ಕಾಗವ್ಳೆ," ಎಂದಳು. ಜೇನುಮೇಣ ಹಚ್ಚಿದ ಬೆಳ್ಳಿ ಕಣ್ಣುಗಳನ್ನು ಪಿಳ್ಳಣ್ಣನ ಬೆರಳು ತೋರಿಸಿದ ಕಡೆ ಒಂದಾದ ಮೇಲೊಂದು ಇಟ್ಟು ಒತ್ತಿದಳು. ಬೋಳು ಗಾಜಿನಲ್ಲಿ ಎರಡು ಕಣ್ಣು ಕೂತು ಎಲ್ಲರನ್ನೂ ನೋಡಿದವು. ಹೆಂಗಸರೆಲ್ಲ ಕೈ ಮುಗಿದರು. ಆನಂದಪ್ಪನೂ ಪೈಪು ಬಾಯಿಂದ ತೆಗೆದ.

"ಅವ್ನು ಬರ್ಬಾರ್ದು ಅಂದ್ಯಲ್ಲ," ಎಂದು ದೊಡ್ಡಮುನಿಯಮ್ಮ ಆಗ ಮಗನತ್ತ ತಿರುಗಿದಳು. "ಶುಕ್ರವಾರ ಪೂಜೆ ಯಾರು ಮಾಡೋರು, ನೀನಾ? ಬೆಳಿಗ್ಗೆ ಎಂಟಕ್ಕೆ ಮುಂಚೆ ಎದ್ದಿದ್ದೀಯಾ ಯಾವತ್ತಾದ್ರೂ?"

ರಾಮಕೃಷ್ಣಪ್ಪ ಟೈ ಸರಿಮಾಡಿಕೊಂಡ. ತೀರ್ಪುಗಾರ ಅವನ ತೋಳು ಹಿಡಿದು, ಏನಾಯಿತು ಹೇಳು ಎಂದು ಕೂತ. ರಾಮಕೃಷ್ಣಪ್ಪ ಹಲ್ಲು ಕಚ್ಚಿಕೊಂಡೇ ಇಂಗ್ಲಿಷಿನಲ್ಲಿ ಹುಣಿಸೆಹಣ್ಣಿನಿಂದ ಹಿಡಿದು ಬೆಳ್ಳಿ ಕಣ್ಣಿನವರೆಗೆ ಹೇಳಿದ. ಮುದುಕ ನಗಲಿಲ್ಲ. ಹಲಗೆ ತೆಗೆದು ಲೇಬಲ್ಲಿನ ಸಾಲಿನಲ್ಲಿ ಸೊನ್ನೆ ಬರೆದ. ಪಕ್ಕದಲ್ಲಿ ಏನೋ ಇನ್ನೊಂದು ಸಾಲು ಬರೆದ. ಮೂಲದವರು ಇಲ್ಲ, ಬದಲಿಗೆ ಬಂದವರು ಸುಸ್ಥಿತಿಯಲ್ಲಿದ್ದಾರೆ ಎಂದು ಅದರ ಅರ್ಥವಂತೆ. ಕಪ್ಪು ಮತ್ತೆ ಆನಂದಪ್ಪನಿಗೇ ಹೋಯಿತು, ಮತ್ತೆ ಮೂರೇ ನಂಬರಿನಲ್ಲಿ. ಎಲ್ಲ ಮುಗಿದು ಹೊರಡುವಾಗ ಆ ಪಾರ್ಸಿ ಮುದುಕ ಪಿಳ್ಳಣ್ಣನ ಬಳಿ ಬಂದು ಅಂಗೈ ಒಡ್ಡಿದ. ಬೊಂಬಾಯಿಯವರೆಗೂ ತಾನೇ ಕಾರು ಓಡಿಸಿಕೊಂಡು ಹೋಗಬೇಕು, ದೂರದ ದಾರಿ, ಒಂದು ಚಿಟಿಕೆ ಕುಂಕುಮ ಕೊಡು ಎಂದು ಸನ್ನೆ ಮಾಡಿದ. ಮುನಿಶಾಮಿಯ ಚಿತ್ರವನ್ನೂ ಕೇಳಿ ತೆಗೆದುಕೊಂಡು ಹೋದ.

ಮನೆಗೆ ಹೋಗುವಾಗ ದೊಡ್ಡಮುನಿಯಮ್ಮ ಹೆಂಗಸರ ಜೊತೆ ಗಾಡಿ ಹತ್ತಿದಳು. ಸೈಕಲನ್ನೂ ಗಾಡಿಯ ಹಿಂದಕ್ಕೆ ಕಟ್ಟಿದರು. ರಾಮಕೃಷ್ಣಪ್ಪ ಮುಖ ಊದಿಸಿಕೊಂಡು ಮಿಡತೆಯ ಸ್ಟೀರಿಂಗಿಗೆ ಕೂತ. ಪಿಳ್ಳಣ್ಣ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡು ಎಡಗಡೆ ಕೂತ. ಅರ್ಧ ಮೈಲಿ ಸಾಗಿದರು. ಗಾಡಿಗಳು ಹಿಂದೆ ಕಣ್ಮರೆಯಾದವು, ಮುಂದೆ ಹೆಬ್ಬಾಳದವರೆಗೆ ಖಾಲಿ ರಸ್ತೆ. ರಾಮಕೃಷ್ಣಪ್ಪ ಕಾರು ನಿಲ್ಲಿಸಿದ. ಹಿಂದೊಮ್ಮೆ ನೋಡಿದ, ಮುಂದೊಮ್ಮೆ ನೋಡಿದ. ನಲವತ್ತು ದಾಟಿದವನ ಮುಖದಲ್ಲಿ ಇಪ್ಪತ್ತೈದರ ಹುಡುಗ ಇಣುಕಿದ.

"ಅಮ್ಮ ಹಿಂದೆ ಗಾಡೀಲಿದ್ದಾಳೆ. ಲೇಬಲ್ಲೂ ಇಲ್ಲ ಅಂತ ನಿನ್ ಬಾಯಲ್ಲೇ ಹೇಳಿದ್ದೀಯ," ಎಂದು ಬಲಗಡೆಯ ತಿರುಪಿಗೆ ಕೈ ಹಾಕಿದ. "ಇಲ್ಲಿಂದ ಮನೆವರೆಗೂ ಗ್ಲಾಸ್ ಮಡಚಿ ಒಂದ್ಸಲ ಹೊಡಿತೀನಿ ಕಣೋ. ಆ ಕಡೆ ತಿರುಪು ಸಡಿಲ ಮಾಡು."

ಪಿಳ್ಳಣ್ಣ ತಿರುಪು ಮುಟ್ಟಲಿಲ್ಲ. ಚಪ್ಪಲಿ ಕೆಳಗಿಟ್ಟು ಎರಡೂ ಕೈಯಿಂದ ಗಾಜನ್ನು ಗಟ್ಟಿಯಾಗಿ ಹಿಡಿದುಕೊಂಡ.

"ದ್ಯಾವ್ರನ್ನ ಮಕಾಡೆ ಮಲಗುಸ್ತೀರಾ ಯಜಮಾನ್ರೆ?" ಎಂದ.